ಸಂಪಾದಕರ ಉತ್ತರ: ಮೊಸಾಯಿಕ್ ನೋಡಿದ್ದಾಯ್ತು, ಈಗ ಅಡುಗೆಮನೆ ಕಡೆ ಬನ್ನಿ ಮೇಷ್ಟ್ರೇ

ಶಿವಮೊಗ್ಗದಿಂದ ನಿವೃತ್ತ ಮೇಷ್ಟ್ರೊಬ್ರು ಉದ್ದದ ಕಾಗದ ಬರೆದಿದಾರೆ, ಕೈಬರಹದಲ್ಲಿ, ಈ ಕಾಲದಲ್ಲೂ. ಹೋದ ಸಂಚಿಕೆಯಲ್ಲಿ ರೋಮನ್ನರ ಹಳ್ಳಿ ಬಂಗಲೆಗಳ ಬಗ್ಗೆ, ಅಂದ್ರೆ ವಿಲ್ಲಾಗಳ ಬಗ್ಗೆ ಬಂದ ಲೇಖನ ಅವರಿಗೆ ಹಿಡಿಸಿಲ್ಲ. "ಸಾವಿರಾರು ವರ್ಷ ಆದ್ರೂ ಬಣ್ಣ ಮಾಸದ ಮೊಸಾಯಿಕ್ ನೆಲ, ಗೋಡೆ ಚಿತ್ರ ಇರುವಾಗ ನೀವು ಒಲೆ, ಹಂದಿಗೂಡು, ಆಳಿನ ಮಂಚ ಅಂತ ಪುಟ ತುಂಬಿಸಿದ್ದೀರಿ, ನಾಗರಿಕತೆಯನ್ನ ಅದರ ಶಿಖರ ನೋಡಿ ಅಳೀಬೇಕೇ ಹೊರತು ಬಚ್ಚಲು ನೋಡಿ ಅಲ್ಲ" ಅಂತ ಅವರ ತಕರಾರು. ಇಷ್ಟು ಕಾಳಜಿಯಿಂದ ಓದಿ, ಸಿಟ್ಟು ಮಾಡ್ಕೊಂಡು ಬರೆಯೋ ಓದುಗರು ಸಿಗೋದೇ ಅಪರೂಪ, ಅದಕ್ಕೆ ಮೊದಲು ನಮಸ್ಕಾರ. ಆದ್ರೆ ಮೇಷ್ಟ್ರೇ, ಈ ವಿಷಯದಲ್ಲಿ ನಾನು ಸುಮ್ನಿರೋನಲ್ಲ, ಸ್ವಲ್ಪ ಉದ್ದಕ್ಕೇ ಉತ್ತರ ಕೊಡ್ತೀನಿ, ಕೇಳಿಸ್ಕೊಳ್ಳಿ.

ಬಣ್ಣದ ಪುಟ್ಟ ಕಲ್ಲಿನ ಚೂರು ಜೋಡಿಸಿ ಮಾಡೋ ಈ ಮೊಸಾಯಿಕ್ ಚೆಂದ ಇಲ್ಲ ಅಂತ ಯಾರೂ ಹೇಳಿಲ್ಲ. ಸಿಸಿಲಿಯ ಪಿಯಾತ್ಸಾ ಅರ್ಮೆರೀನಾ ಊರ ಹತ್ರ ಇರೋ ವಿಲ್ಲಾ ರೊಮಾನಾ ದೆಲ್ ಕಸಾಲೆಯಲ್ಲಿ ಸುಮಾರು 3,500 ಚದರ ಮೀಟರ್ ಮೊಸಾಯಿಕ್ ಇದೆ, 4ನೇ ಶತಮಾನದ್ದು. 60 ಮೀಟರ್‌ಗೂ ಉದ್ದದ ಒಂದು ಪಡಸಾಲೆ ತುಂಬಾ ಕಾಡುಪ್ರಾಣಿ ಹಿಡಿದು ಹಡಗಿಗೆ ತುಂಬೋ ಚಿತ್ರ, ಇನ್ನೊಂದು ಕೋಣೆಯಲ್ಲಿ ಎರಡು ತುಂಡು ಬಟ್ಟೆ ಹಾಕಿ ಆಟ ಆಡ್ತಿರೋ ಹುಡುಗಿಯರು. 1997ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ, ಸೇರಬೇಕಾದ್ದೇ. ಇಷ್ಟನ್ನ ಒಪ್ಪಿದೆ.

ಈಗ ನನ್ನ ಮಾತು. ನನ್ನ ಸ್ನೇಹಿತರೊಬ್ರು, ತುಂಬಾ ಓದ್ಕೊಂಡೋರು, ಇದೇ ವಿಲ್ಲಾ ನೋಡ್ಕೊಂಡು ಬಂದು ಫೋನ್ ತುಂಬಾ ಫೋಟೋ ತೋರಿಸಿದ್ರು. ಎಲ್ಲಾ ಆಯ್ತು, ಸ್ನಾನದ ಮನೆ ನೀರು ಕಾಯಿಸೋ ಒಲೆ ಎಲ್ಲಿತ್ತು, ಸೌದೆ ಎಲ್ಲಿಂದ ಬರ್ತಿತ್ತು, ಅದನ್ನ ಉರಿಸೋನು ಎಲ್ಲಿ ಮಲಗ್ತಿದ್ದ ಅಂತ ಕೇಳಿದ್ರೆ ಮುಖ ನೋಡ್ತಾರೆ, ಗೈಡ್ ಅದೇನೂ ಹೇಳ್ಲಿಲ್ಲ, ಇವರೂ ಕೇಳ್ಲಿಲ್ಲ. ರೋಮನ್ನರ ಬಿಸಿ ನೆಲ ಹೇಗಿತ್ತು ಅಂತ ನಿಮಗೆ ಗೊತ್ತಲ್ಲ, ಇಟ್ಟಿಗೆಯ ಗಿಡ್ಡ ಕಂಬಗಳ ಮೇಲೆ ನೆಲ ಎತ್ತಿ ಕಟ್ಟಿ, ಹೊರಗಿನ ಒಲೆಯ ಬಿಸಿ ಗಾಳಿ ಅದರ ಅಡಿಯಲ್ಲಿ ಹಾದು ಗೋಡೆಯೊಳಗಿನ ಪೊಳ್ಳು ಹೆಂಚುಗಳ ಮೂಲಕ ಮೇಲಕ್ಕೆ ಹೋಗೋ ಹಾಗೆ ಮಾಡ್ತಿದ್ರು. ಎಂಜಿನಿಯರಿಂಗ್ ಅದ್ಭುತ ಅಂತ ಎಲ್ರೂ ಬರೀತಾರೆ. ಆ ಒಲೆ ಬಾಯಲ್ಲಿ ಕೂತು ಸೌದೆ ನೂಕ್ತಾ, ಬೂದಿ ತೋಡ್ತಾ ಇದ್ದ ಮನುಷ್ಯನಿಗೆ ಒಂದು ಸಾಲೂ ಇರಲ್ಲ. ನಾವು ಆ ಸಾಲು ಹಾಕಿದ್ವಿ, ನಮ್ಮ ತಪ್ಪು ಇಷ್ಟೇ ಆದ್ರೆ ಅದನ್ನ ಮತ್ತೆ ಮತ್ತೆ ಮಾಡೋಕೆ ನಾನು ರೆಡಿ.

ನೀವು 'ಆಳಿನ ಮಂಚ' ಅಂತ ಕಡೆಗಣಿಸಿ ಬರೆದ ಆ ಮಂಚದ ಬಗ್ಗೆಯೇ ಹೇಳ್ತೀನಿ. ಇಟಲಿಯಲ್ಲಿ ಜ್ವಾಲಾಮುಖಿ ಬೂದಿಯಡಿ ಹೂತುಹೋದ ಪಾಂಪೇ ಊರಿನ ಉತ್ತರಕ್ಕೆ, ಕೋಟೆಯಿಂದ ಹೊರಗೆ, ಚಿವಿತಾ ಜೂಲಿಯಾನಾ ಅಂತ ಜಾಗ. ಕಳ್ಳರು ಸುರಂಗ ಕೊರೆದು ಒಂದು ವಿಲ್ಲಾವನ್ನ ಲೂಟಿ ಮಾಡ್ತಿದ್ರು, ಅದನ್ನ ತಡೆಯೋಕೇ ಅಂತ 2017ರಲ್ಲಿ ಪೊಲೀಸರೂ ಪುರಾತತ್ವದವರೂ ಸೇರಿ ಅಗೆತ ಶುರು ಮಾಡಿದ್ರು. 2021ರ ಫೆಬ್ರವರಿಯಲ್ಲಿ ಅಲ್ಲಿ ಕಂಚಿನ ಅಲಂಕಾರದ ಮೆರವಣಿಗೆ ರಥ ಸಿಕ್ತು, ಪ್ರಪಂಚದ ಪತ್ರಿಕೆಗಳೆಲ್ಲ ಮುಖಪುಟದಲ್ಲಿ ಹಾಕಿದ್ವು. ಅದೇ ವರ್ಷ ನವೆಂಬರ್‌ನಲ್ಲಿ ಇನ್ನೊಂದು ಕೋಣೆ ಪ್ರಕಟ ಆಯ್ತು, ಬರೀ 16 ಚದರ ಮೀಟರ್. ಅದರೊಳಗೆ ಮೂರು ಮರದ ಮಂಚ, ಎರಡು 1.70 ಮೀಟರ್ ಉದ್ದ, ಒಂದು 1.40 ಮೀಟರ್. ಹಾಸಿಗೆ ಇಲ್ಲ, ನುಣುಪು ಮಾಡದ ಹಲಗೆಗೆ ಹಗ್ಗ ಹೆಣೆದು ಮೇಲೆ ಕಂಬಳಿ ಎಸೆದಿದ್ರು. ಮರ, ಹಗ್ಗ, ಬಟ್ಟೆ ಎಲ್ಲಾ ಯಾವತ್ತೋ ಕೊಳೆತು ಹೋಗಿದೆ, ಆದ್ರೆ ಕ್ರಿ.ಶ. 79ರ ವೆಸೂವಿಯಸ್ ಜ್ವಾಲಾಮುಖಿಯ ಬೂದಿ ಸುತ್ತ ಗಟ್ಟಿಯಾಗಿ ಅವುಗಳ ಆಕಾರದ ಟೊಳ್ಳು ಹಾಗೇ ಉಳ್ಕೊಂಡಿತ್ತು. ಫಿಯೊರೆಲ್ಲಿ ಅನ್ನೋ ಪುರಾತತ್ವಜ್ಞರು 1863ರಲ್ಲಿ ಪಾಂಪೇ ಹೆಣಗಳಿಗೆ ಮಾಡಿದ ಹಾಗೆ ಟೊಳ್ಳಿಗೆ ಪ್ಲಾಸ್ಟರ್ ಸುರಿದ್ರೆ ಹಗ್ಗದ ಹೆಣಿಗೆ, ಕಂಬಳಿಯ ಮಡಿಕೆ ಸಮೇತ ಎದ್ದು ಬಂತು. ಮಂಚದಡಿ ಹೂಜಿ, ರಾತ್ರಿ ಮೂತ್ರದ ಮಡಕೆ. ಮೂಲೆಯಲ್ಲಿ ಎಂಟು ಅಂಫೋರಾ ಜಾಡಿ ಒತ್ತಿ ಇಟ್ಟಿದಾರೆ, ಅಂದ್ರೆ ಮಲಗೋ ಕೋಣೆನೇ ಉಗ್ರಾಣ. ಪೆಟ್ಟಿಗೆಯಲ್ಲಿ ಕುದುರೆ ಸರಂಜಾಮು, ಒಂದು ಮಂಚದ ಮೇಲೆ ಗಾಡಿಯ ಮೂಕಿಮರ ಒರಗಿಸಿತ್ತು. ಗೋಡೆಗೆ ಚಿತ್ರ ಇಲ್ಲ, ಮೇಲೆ ಒಂದು ಸಣ್ಣ ಕಿಟಕಿ, ಅಷ್ಟೇ. ಆಮೇಲೆ ಅದೇ ವಿಲ್ಲಾದಲ್ಲಿ ಇಂಥದ್ದೇ ಇನ್ನೊಂದು ಕೋಣೆ ಸಿಕ್ತು, ಅಲ್ಲಿನ ಪಾತ್ರೆಗಳೊಳಗೆ ಇಲಿ, ಹೆಗ್ಗಣದ ಅವಶೇಷ.

ಆ 1.40 ಮೀಟರ್ ಮಂಚ ಇದೆಯಲ್ಲ ಮೇಷ್ಟ್ರೇ, ಅದರಲ್ಲಿ ಮಲಗ್ತಿದ್ದದ್ದು ಮಗು ಇರ್ಬಹುದು, ಅದೊಂದು ಕುಟುಂಬವೇ ಇರ್ಬಹುದು ಅಂತ ಅಗೆದವರ ಊಹೆ. ಆ ಮಗು ಹೆಸರು ಯಾವ ಶಾಸನದಲ್ಲೂ ಇಲ್ಲ. ಮಂಚದ ಅಳತೆ ಒಂದೇ ಅದು ಬದುಕಿತ್ತು ಅನ್ನೋದಕ್ಕೆ ಸಾಕ್ಷಿ. ಇದನ್ನ ಬಿಟ್ಟು ನಾನು ರಥದ ಫೋಟೋ ಹಾಕ್ಲಾ?

ರೋಮನ್ನರೇ ಬರೆದಿಟ್ಟದ್ದನ್ನ ಈ ಅವಶೇಷಗಳ ಪಕ್ಕ ಇಟ್ಟು ಓದಿದಾಗ ಮೈ ಜುಮ್ ಅನ್ನುತ್ತೆ. ಕ್ರಿ.ಪೂ. 2ನೇ ಶತಮಾನದ ಕೇಟೋ, ದೊಡ್ಡ ರಾಜಕಾರಣಿ, ಶಿಸ್ತಿಗೆ ಹೆಸರಾದೋನು, ಒಕ್ಕಲುತನದ ಮೇಲೆ ಪುಸ್ತಕ ಬರೆದಿದಾನೆ. ಹೊಲದ ಗುಲಾಮನಿಗೆ ಚಳಿಗಾಲದಲ್ಲಿ ತಿಂಗಳಿಗೆ 4 ಮೋದಿಯಸ್ ಗೋಧಿ, ಅಂದ್ರೆ ಸುಮಾರು 35 ಲೀಟರ್ ಅಳತೆ, ಬೇಸಿಗೆಯಲ್ಲಿ ನಾಲ್ಕೂವರೆ. ಮೇಸ್ತ್ರಿಗೆ ಮಾತ್ರ 3, ಯಾಕಂದ್ರೆ ಅವನು ಮೈಮುರಿದು ದುಡಿಯಲ್ಲ. ಸರಪಳಿ ಹಾಕಿದವರಿಗೆ ರೊಟ್ಟಿ ತೂಕ ಮಾಡಿ ಕೊಡ್ಬೇಕು. ನಂಚ್ಕೊಳ್ಳೋಕೆ ಉದುರಿದ ಆಲಿವ್ ಕಾಯಿ. ಸುಗ್ಗಿ ಮುಗಿದ ಮೇಲೆ ಮೂರು ತಿಂಗಳು ದ್ರಾಕ್ಷಿ ಹಿಂಡಿ ಉಳಿದ ಸಿಪ್ಪೆಗೆ ನೀರು ಹಾಕಿ ಮಾಡಿದ ಸಪ್ಪೆ ಮದ್ಯ. ಮೂರೂವರೆ ಅಡಿಯ ಅಂಗಿ, ಎರಡು ವರ್ಷಕ್ಕೊಮ್ಮೆ ಹೊದಿಕೆ, ಹೊಸದು ಕೊಡೋವಾಗ ಹಳೇದನ್ನ ಮರೀದೆ ವಾಪಸ್ ಇಸ್ಕೋಬೇಕು, ತೇಪೆ ಹಾಕಿ ಕೌದಿ ಹೊಲಿಯೋಕೆ ಬರುತ್ತೆ. ಮುದಿ ಎತ್ತು, ಹಳೇ ಗಾಡಿ, ವಯಸ್ಸಾದ ಗುಲಾಮ, ಕಾಯಿಲೆ ಬಿದ್ದ ಗುಲಾಮ ಎಲ್ಲಾ ಮಾರಿ ಬಿಡಿ ಅಂತ ಒಂದೇ ಪಟ್ಟಿಯಲ್ಲಿ ಬರೀತಾನೆ. ಅವನಾದ ಮೇಲೆ ಬಂದ ವಾರೋ ಬೇಸಾಯದ ಸಲಕರಣೆಯನ್ನ ಮೂರು ಬಗೆ ಮಾಡ್ತಾನೆ: ಮಾತಾಡೋವು, ಅರೆಬರೆ ದನಿ ಇರೋವು, ಮೂಕ ಇರೋವು. ಮೂಕ ಅಂದ್ರೆ ಗಾಡಿ, ಅರೆದನಿ ಅಂದ್ರೆ ಎತ್ತು, ಮಾತಾಡೋ ಸಲಕರಣೆ ಅಂದ್ರೆ ಮನುಷ್ಯ. 1ನೇ ಶತಮಾನದ ಕೊಲುಮೆಲ್ಲಾ, ಸರಪಳಿ ಹಾಕಿದ ಗುಲಾಮರ ನೆಲಮಾಳಿಗೆಗೆ ಬೆಳಕಿಗೆ ಕಿಟಕಿ ಇರ್ಲಿ ಆದ್ರೆ ಕಿರಿದಾಗಿರ್ಲಿ, ಕೈಗೆ ಎಟುಕದಷ್ಟು ಎತ್ತರದಲ್ಲಿರ್ಲಿ ಅಂತಾನೆ. ಚಿವಿತಾ ಜೂಲಿಯಾನಾದ ಆ ಮೇಲಿನ ಸಣ್ಣ ಕಿಟಕಿ ಬಗ್ಗೆ ಓದಿದಾಗ ನನಗೆ ನೆನಪಾಗಿದ್ದು ಈ ಸಾಲೇ.

ಸೌಂದರ್ಯ ಬೇಕು ಅಂತೀರಲ್ಲ, ಸೌಂದರ್ಯದ ಮನೆಗೇ ಹೋಗೋಣ. ನೇಪಲ್ಸ್ ಹತ್ರ ತೊರ್ರೆ ಅನ್ನುಂತ್ಸಿಯಾತಾ ಅನ್ನೋ ಊರಲ್ಲಿ ಒಪ್ಲಾಂಟಿಸ್ ವಿಲ್ಲಾ ಇದೆ, ನೀರೋ ಚಕ್ರವರ್ತಿಯ ಹೆಂಡತಿ ಪಾಪ್ಪಿಯಾಳದ್ದು ಇರ್ಬೇಕು ಅಂತ ವಿದ್ವಾಂಸರ ಅಭಿಪ್ರಾಯ. ಈಜುಕೊಳ ಒಂದೇ 61 ಮೀಟರ್ ಉದ್ದ, 17 ಮೀಟರ್ ಅಗಲ. ಗೋಡೆ ಮೇಲೆ ನವಿಲು, ಹಣ್ಣಿನ ಬುಟ್ಟಿ, ನಿಜವಾದ ಕಂಬ ಅಂತ ಮೋಸ ಹೋಗೋ ಹಾಗೆ ಬರೆದ ಕಂಬಗಳು. ಅದೇ ಮನೆಯಲ್ಲಿ ಕೆಲಸದವರ ಅಂಗಳಕ್ಕೆ, ಅವರು ಓಡಾಡೋ ಓಣಿಗಳಿಗೆ ಬರ್ತಿದ್ದ ಹಾಗೇ ನವಿಲು ನಿಂತು ಹೋಗುತ್ತೆ, ಗೋಡೆ ತುಂಬಾ ಕಪ್ಪು ಬಿಳಿ ಓರೆ ಪಟ್ಟೆ ಶುರು ಆಗುತ್ತೆ, ಝೀಬ್ರಾ ಮೈ ಹಾಗೆ. ಎಲ್ಲಿ ಯಜಮಾನರ ಜಾಗ ಮುಗೀತು, ಎಲ್ಲಿಂದ ಆಳುಗಳದ್ದು ಅಂತ ಬಣ್ಣವೇ ಹೇಳ್ತಿತ್ತು ಅನ್ನೋದು ಹಲವರ ವಿವರಣೆ. ನನ್ನ ಪ್ರಕಾರ ಆ ವಿಲ್ಲಾದಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತು ನೋಡಬೇಕಾದ ಗೋಡೆ ಅದು. ನವಿಲಿನ ಗೋಡೆ ಯಜಮಾನಿಗೆ ಏನು ಇಷ್ಟ ಇತ್ತು ಅಂತ ಹೇಳುತ್ತೆ, ಪಟ್ಟೆ ಗೋಡೆ ಆ ಮನೆ ಹೇಗೆ ನಡೀತಿತ್ತು ಅಂತ ಹೇಳುತ್ತೆ.

ರೋಮನ್ ಲೇಖಕ ಕಿರಿಯ ಪ್ಲಿನಿ ತನ್ನ ಲಾರೆಂಟಮ್ ವಿಲ್ಲಾ ಬಗ್ಗೆ ಬರೆದ ಕಾಗದ ನೀವು ಓದಿರ್ತೀರಿ, ರೋಮ್‌ನಿಂದ 17 ಮೈಲಿ, ಸಮುದ್ರದ ದಂಡೆ. ಅದರಲ್ಲಿ ಅವನಿಗೆ ಅಚ್ಚುಮೆಚ್ಚಿನ ಒಂದು ಮಲಗೋ ಕೋಣೆ ಇದೆ, ಅಲ್ಲಿಗೆ ಆಳುಹುಡುಗರ ದನಿಯಾಗ್ಲಿ ಸಮುದ್ರದ ಮೊರೆತವಾಗ್ಲಿ ಕೇಳಿಸಲ್ಲ ಅಂತ ಸಂತೋಷದಿಂದ ಬರೀತಾನೆ. ಪ್ಲಿನಿ ಕೆಟ್ಟ ಯಜಮಾನ ಅಲ್ಲ, ಕಾಯಿಲೆ ಬಿದ್ದ ಒಬ್ಬ ಮಾಜಿ ಗುಲಾಮನನ್ನ ಹವಾ ಬದಲಾವಣೆಗೆ ಅಂತ ಈಜಿಪ್ಟಿಗೆ ಕಳಿಸಿದೋನು. ಅಂಥವನಿಗೂ ಆ ದನಿ ಕೇಳದೇ ಇರೋದೇ ಸುಖ. ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ, ನೀವು ಕೇಳ್ತಿರೋದೂ ಅಂಥದ್ದೇ ಒಂದು ಕೋಣೆ. ಪ್ಲಿನಿಗೆ ಕಟ್ಟಿಸ್ಕೊಳ್ಳೋ ಶಕ್ತಿ ಇತ್ತು, ಕಟ್ಟಿಸ್ಕೊಂಡ. ನಮ್ಮ ಪತ್ರಿಕೆಯಲ್ಲಿ ಅಂಥ ಕೋಣೆ ಕಟ್ಟೋಕೆ ನಾನಂತೂ ಬಿಡಲ್ಲ.

ಇನ್ನು ಪಾಂಪೇ ಹತ್ರದ ಬೊಸ್ಕೊರಿಯಾಲೆ ಊರು. ನನ್ನ ಸಿಟ್ಟಿನ ಮೂಲ ಇಲ್ಲೇ ಇದೆ. 1895ರಲ್ಲಿ ಅಲ್ಲಿ ಪಿಸಾನೆಲ್ಲಾ ಅನ್ನೋ ವಿಲ್ಲಾದಲ್ಲಿ ನೂರಕ್ಕೂ ಹೆಚ್ಚು ಬೆಳ್ಳಿ ಸಾಮಾನು, ಚಿನ್ನದ ನಾಣ್ಯ ಸಿಕ್ತು, ದ್ರಾಕ್ಷಿ ಹಿಂಡೋ ಕೋಣೆಯ ತೊಟ್ಟಿಯಲ್ಲಿ ಬಚ್ಚಿಟ್ಟಿದ್ರು. ಬೆಳ್ಳಿಯ ಬಹುಪಾಲು ಪ್ಯಾರಿಸ್‌ನ ಲೂವ್ರ್‌ಗೆ ಹೋಯ್ತು. 1900ರಲ್ಲಿ ಅದೇ ಊರಿನ ಇನ್ನೊಂದು ವಿಲ್ಲಾದ ಗೋಡೆ ಚಿತ್ರಗಳನ್ನ ಗೋಡೆಯಿಂದ ಕೊಯ್ದು ತೆಗೆದು ಮಾರಿದ್ರು, ದೊಡ್ಡ ಭಾಗ ಈಗ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ. ಎರಡೂ ವಿಲ್ಲಾ ಮತ್ತೆ ಮಣ್ಣು ಮುಚ್ಚಿ ಹೋದ್ವು. ಜಮೀನಿನ ಯಜಮಾನರಿಗೆ ಬೇಕಾಗಿದ್ದು ಬೆಳ್ಳಿ ಮತ್ತು ಚಿತ್ರ, ಆ ಕಾಲದ ಅಗೆತದಲ್ಲಿ ಕಾಳು, ಮೂಳೆ, ಬೂದಿ, ಬೇರಿನ ಗುರುತು ಇವುಗಳನ್ನ ಸೋಸಿ ಇಡೋ ಪದ್ಧತಿನೇ ಇರ್ಲಿಲ್ಲ. ಹೋದದ್ದು ಹೋಯ್ತು, ಇನ್ನೊಂದು ಸಲ ಅಗೆಯೋಕೆ ಬರಲ್ಲ.

ಅದೇ ಊರಲ್ಲಿ 1977ರಲ್ಲಿ ವಿಲ್ಲಾ ರೆಜೀನಾ ಸಿಕ್ತು. ಬೆಳ್ಳಿ ಇಲ್ಲ, ದೊಡ್ಡ ಚಿತ್ರ ಇಲ್ಲ, ಒಂದು ಸಾಧಾರಣ ತೋಟದ ಮನೆ. ಅಂಗಳದಲ್ಲಿ ಕಂಠದವರೆಗೂ ಹೂತಿರೋ 18 ಮಣ್ಣಿನ ಗುಡಾಣ, ಮಣ್ಣಿನ ತಂಪಲ್ಲಿ ದ್ರಾಕ್ಷಿ ರಸ ನಿಧಾನವಾಗಿ ಹುಳಿ ಬಂದು ವೈನ್ ಆಗ್ಲಿ ಅಂತ. ದ್ರಾಕ್ಷಿ ಹಿಂಡೋ ಕೋಣೆ, ಅಡುಗೆಮನೆ, ಕಾಳು ಬಡಿಯೋ ಕಣ, ಬೂದಿಯಲ್ಲಿ ಸಿಕ್ಕಿ ಸತ್ತ ಒಂದು ಹಂದಿಯ ಅಚ್ಚು. ಸುತ್ತಲಿನ ಬಳ್ಳಿಗಳ ಬೇರು ಬಿಟ್ಟ ತೂತುಗಳನ್ನೂ ಹುಡುಕಿ ಗುರುತಿಸಿದ್ರು. ಈ ಬೇರಿನ ವಿದ್ಯೆಯನ್ನ ಬೆಳೆಸಿದ್ದು ವಿಲ್ಹೆಲ್ಮಿನಾ ಜಾಶೆಮ್ಸ್ಕಿ ಅನ್ನೋ ಅಮೆರಿಕದ ಹೆಣ್ಣುಮಗಳು, ಎಷ್ಟು ಹೊಗಳಿದ್ರೂ ನನಗೆ ಸಾಕಾಗಲ್ಲ. ಪಾಂಪೇ ಒಳಗೇ ಒಂದು ದೊಡ್ಡ ಬಯಲನ್ನ ದನದ ಸಂತೆಮಾಳ ಅಂತ ಎಲ್ರೂ ನಂಬಿದ್ರು, ಈಕೆ ಬೇರಿನ ತೂತುಗಳೊಳಗಿನ ಪುಡಿಗಲ್ಲು ತೆಗೆದು, ಸಿಮೆಂಟ್ ಸುರಿದು, ಒಂದೊಂದನ್ನೇ ಎಣಿಸಿ 2,014 ದ್ರಾಕ್ಷಿ ಬಳ್ಳಿ ಇದ್ದ ತೋಟ ಅದು ಅಂತ ತೋರಿಸಿದ್ರು. ಬರೀ ತೂತು ಎಣಿಸಿ! ಮೊಸಾಯಿಕ್ ಹುಡುಕ್ತಾ ಹೋದವರ ಕಾಲ ಕೆಳಗೇ ಇತ್ತು ಆ ತೋಟ.

ಈ ರೋಗ ಇಟಲಿಯದ್ದು ಮಾತ್ರ ಅಲ್ಲ, ನಾವು ಇತಿಹಾಸ ಕಲಿಸೋ ರೀತಿಯಲ್ಲೇ ಇದೆ. ನಾನು ಓದುವಾಗ "ರೋಮನ್ನರ ಕೊಡುಗೆಗಳೇನು" ಅಂತ ಪ್ರಶ್ನೆ ಬರ್ತಿತ್ತು, ಕಾನೂನು, ರಸ್ತೆ, ಕಮಾನು, ಲ್ಯಾಟಿನ್ ಅಂತ ಬರೆದ್ರೆ ಪೂರ್ತಿ ಮಾರ್ಕ್ಸ್. ಗುಲಾಮರು ಅನ್ನೋ ಪದ, ಅವರ ದಂಗೆಗೆ ಮುಂದಾಳಾಗಿದ್ದ ಸ್ಪಾರ್ಟಕಸ್ ಹತ್ರ ಒಂದು ಸಲ ಬಂದು ಮಾಯ. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದೆ, ಅದನ್ನ ಹೆಮ್ಮೆಯಿಂದ ಓದ್ತೀವಿ, ಪಶ್ಚಿಮ ಘಟ್ಟದ ಕರಿಮೆಣಸು ರೋಮ್‌ಗೆ ಹೋಗ್ತಿತ್ತು ಅಂತ ಇನ್ನೂ ಹೆಮ್ಮೆ. ಇಂಗ್ಲೆಂಡಿನ ಹಾಕ್ಸ್‌ನ್‌ನಲ್ಲಿ 1992ರಲ್ಲಿ ಸಿಕ್ಕ ನಿಧಿಯಲ್ಲಿ ಮೆಣಸಿನ ಪುಡಿ ಉದುರಿಸೋಕೆ ಅಂತಲೇ ಮಾಡಿಸಿದ ನಾಲ್ಕು ಬೆಳ್ಳಿ ಡಬ್ಬಿ ಇದ್ವು. ಆದ್ರೆ ಇಲ್ಲಿ ಮೆಣಸು ಬಿಡಿಸಿದ ಕೈ ಯಾರದು, ಅಲ್ಲಿ ಅದನ್ನ ಕುಟ್ಟಿದ ಕೈ ಯಾರದು, ಯಾವ ಕ್ಲಾಸಲ್ಲಾದ್ರೂ ಯಾರಾದ್ರೂ ಕೇಳಿದ್ದುಂಟಾ? ನೀವು ಮೂವತ್ತು ವರ್ಷದ ಮೇಲೆ ಪಾಠ ಹೇಳಿದೋರು, ಕೇಳಿ ಮೇಷ್ಟ್ರೇ, ನಿಮ್ಮಂಥೋರು ಕೇಳಿದ್ರೆ ಹುಡುಗ್ರು ಜೀವನಪೂರ್ತಿ ಮರೆಯಲ್ಲ. ಇತ್ತೀಚೆಗೆ ಟೂರ್ ಪ್ಯಾಕೇಜ್‌ನೋರದ್ದೂ ಇದೇ ಕಥೆ, ಒಂದು ಸೈಟಿಗೆ ಮುಕ್ಕಾಲು ಗಂಟೆ, ಎಲ್ಲಿ ಸೆಲ್ಫಿ ಚೆನ್ನಾಗಿ ಬರುತ್ತೋ ಅಲ್ಲೇ ಬಸ್ ಇಳಿಸ್ತಾರೆ, ಅಡುಗೆಮನೆಗೆ ಹೋಗೋ ಮೆಟ್ಟಿಲಿಗೆ ಹಗ್ಗ ಕಟ್ಟಿ "ಅಲ್ಲೇನೂ ಇಲ್ಲ ಬನ್ನಿ" ಅಂತಾರೆ.

ಕಾಗದದ ಕೊನೆಗೆ ಮೇಷ್ಟ್ರು ಒಂದು ಸಂತೋಷದ ಸುದ್ದಿಯನ್ನೂ ಬರೆದಿದಾರೆ, ಮಗಳು ಮುಂದಿನ ವರ್ಷ ಇಟಲಿಗೆ ಕರ್ಕೊಂಡು ಹೋಗ್ತಾಳಂತೆ, ಏನೇನು ನೋಡ್ಲಿ ಅಂತ ಕೇಳಿದಾರೆ. ಜಗಳ ಆಡಿ ಸಲಹೆ ಕೇಳೋ ಈ ದೊಡ್ಡ ಮನಸ್ಸು ನನಗೆ ತುಂಬಾ ಇಷ್ಟ ಆಯ್ತು. ಪಾಂಪೇ ಹೇಗೂ ನೋಡ್ತೀರಿ. ಅದಕ್ಕೆ ಹೋಗೋ ಮೊದಲು ನೇಪಲ್ಸ್‌ನಿಂದ ಲೋಕಲ್ ಟ್ರೈನಲ್ಲಿ ತೊರ್ರೆ ಅನ್ನುಂತ್ಸಿಯಾತಾಗೆ ಇಳೀರಿ, ಒಪ್ಲಾಂಟಿಸ್ ಸ್ಟೇಷನ್ನಿಂದ ನಡೆಯೋ ದೂರ. ನವಿಲು ಚೆನ್ನಾಗಿ ನೋಡಿ, ಆಮೇಲೆ ಪಟ್ಟೆ ಗೋಡೆಯ ಅಂಗಳ ಎಲ್ಲಿ ಅಂತ ಕಾವಲಿನವರನ್ನ ಕೇಳಿ. ಅಲ್ಲಿಂದ ಬೊಸ್ಕೊರಿಯಾಲೆ ಹತ್ರವೇ, ವಿಲ್ಲಾ ರೆಜೀನಾ ಪಕ್ಕದಲ್ಲೇ ಒಂದು ಪುಟ್ಟ ಮ್ಯೂಸಿಯಂ ಇದೆ, ಆ ಕಾಲದ ಬೇಸಾಯ, ಊಟ, ಉಪಕರಣಗಳದ್ದೇ. ಜನ ಕಡಿಮೆ, ಆರಾಮಾಗಿ ಸುತ್ತಾಡಬಹುದು. ಮಗಳಿಗೆ ಫೋಟೋ ತೆಗೆಯೋಕೆ ಹೇಳಿ, ಗುಡಾಣಗಳದ್ದು, ಕಣದ್ದು, ಅಡುಗೆಮನೆಯದ್ದು. ಕಳಿಸ್ಕೊಟ್ರೆ ನಿಮ್ಮ ಹೆಸರಲ್ಲೇ ಹಾಕ್ತೀನಿ, ಜೊತೆಗೆ ನೀವು ಬರೆದದ್ದನ್ನೂ, ಅದು ನನ್ನ ಮಾತಿಗೆ ಪೂರ್ತಿ ವಿರುದ್ಧ ಇದ್ರೂ ಸರಿ, ಒಂದಕ್ಷರ ಕತ್ತರಿಸಲ್ಲ.