‘ಸ್ಮೋಕ್ ಆನ್ ದಿ ವಾಟರ್’ ನುಡಿಸಲು ಬಂದವರು ಇಡೀ ‘ಮಷೀನ್ ಹೆಡ್’ ಕೇಳಬೇಕೆ?

ಗಿಟಾರ್ ಕಲಿಯುತ್ತಿರುವ ನಿಮಗೆ ‘ಸ್ಮೋಕ್ ಆನ್ ದಿ ವಾಟರ್’ ಹಾಡಿನ ರಿಫ್, ಅಂದರೆ ಹಾಡಿನುದ್ದಕ್ಕೂ ಮರುಕಳಿಸುವ ಚಿಕ್ಕ ಸ್ವರಗುಚ್ಛ, ಕೈಗೆ ಕೂತಿದೆ. ಇನ್ನು ಬ್ರಿಟನ್ನಿನ ರಾಕ್ ತಂಡ ಡೀಪ್ ಪರ್ಪಲ್‌ನ ‘ಮಷೀನ್ ಹೆಡ್’ ಆಲ್ಬಮನ್ನು ಪೂರ್ತಿ ಕೇಳುವ ಅಗತ್ಯವಿದೆಯೇ, ಅದರ ಮೇಲಿನ ಅಭಿಮಾನ ಹಳಬರ ಯೌವನದ ನೆನಪಷ್ಟೇ ಅಲ್ಲವೇ ಎಂದು ಕೇಳಿದ್ದೀರಿ. ಕಾಲೇಜಿನ ದಿನಗಳಲ್ಲಿ ಇದೇ ಪ್ರಶ್ನೆ ನನಗೂ ಎದುರಾಗಿತ್ತು, ಮತ್ತು ಅಗತ್ಯವಿಲ್ಲವೆಂದು ನಾನೇ ತೀರ್ಮಾನಿಸಿದ್ದೆ. ಆ ತೀರ್ಮಾನದಿಂದ ನಾನೊಬ್ಬ ಅಪರೂಪದ ವಾದಕನನ್ನೂ ಅವನ ಸ್ನೇಹವನ್ನೂ ಕಳೆದುಕೊಂಡೆ.

ಬೆಂಗಳೂರಿನ ಕಾಲೇಜು ಹಬ್ಬಗಳಲ್ಲಿ ರಾಕ್ ಬ್ಯಾಂಡ್‌ಗಳ ಸ್ಪರ್ಧೆ ಎಂದರೆ ಆಗ ದೊಡ್ಡ ಸಂಭ್ರಮ. ನಮ್ಮ ತಂಡದಲ್ಲಿ ನಾನು ಗಿಟಾರ್ ನುಡಿಸುತ್ತಿದ್ದೆ. ಕೀಬೋರ್ಡ್ ನುಡಿಸುತ್ತಿದ್ದವನು ಬಾಲ್ಯದಿಂದ ಚರ್ಚಿನ ಆರ್ಗನ್ ಕಲಿತ ಹುಡುಗ. ಮಾತು ಕಡಿಮೆ, ಕಿವಿ ಬಹಳ ಸೂಕ್ಷ್ಮ. ಸ್ಪರ್ಧೆಗೆ ‘ಸ್ಮೋಕ್ ಆನ್ ದಿ ವಾಟರ್’ ನುಡಿಸುವುದೆಂದು ನಿಶ್ಚಯವಾದಾಗ, ಅದು ಗಿಟಾರಿನ ಹಾಡು, ಅದರಲ್ಲಿ ನಿನಗೆ ಹೆಚ್ಚು ಕೆಲಸವಿಲ್ಲ ಎಂದು ನಾನು ಅವನಿಗೆ ಹೇಳಿದೆ. ಆ ರಿಫ್‌ನಲ್ಲಿಯೇ ಆರ್ಗನ್ ಇದೆ ಎಂದು ಅವನು ಹೇಳಿದ. ನಾನು ನಂಬಲಿಲ್ಲ. ಇಡೀ ಆಲ್ಬಮನ್ನು ಮೊದಲಿನಿಂದ ಒಮ್ಮೆ ಕೇಳು, ನಿನಗೇ ತಿಳಿಯುತ್ತದೆ ಎಂದ. ಒಂದು ಹಾಡು ನುಡಿಸಲು ಏಳು ಹಾಡು ಏಕೆ ಕೇಳಬೇಕು ಎಂದು ನಾನು ಉತ್ತರಿಸಿದೆ. ಮರುದಿನದಿಂದ ಅವನು ಅಭ್ಯಾಸಕ್ಕೆ ಬರಲಿಲ್ಲ. ಅವನಿಲ್ಲದೆಯೇ ವೇದಿಕೆ ಹತ್ತಿದೆವು, ಹಾಡು ಬಡಕಲಾಗಿ ಕೇಳಿಸಿತು, ಬಹುಮಾನವೂ ಬರಲಿಲ್ಲ. ಅವನು ಮತ್ತೆಂದೂ ನನ್ನೊಡನೆ ನುಡಿಸಲಿಲ್ಲ.

ನಾನು ಎಲ್ಲಿ ತಪ್ಪಿದೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ನೀವೂ ಅದೇ ದಾರಿಯಲ್ಲಿದ್ದೀರಿ ಎಂದು ನಿಮ್ಮ ಪ್ರಶ್ನೆಯಿಂದ ನನಗನ್ನಿಸಿತು. ನಾನು ಆ ಹಾಡನ್ನು ಕೇಳಿದ್ದು ಬೇರೆ ಬೇರೆ ತಂಡಗಳ ಜನಪ್ರಿಯ ಹಾಡುಗಳನ್ನು ಒಟ್ಟುಗೂಡಿಸಿದ, ನಕಲಿನ ಮೇಲೆ ನಕಲಾದ ಒಂದು ಕ್ಯಾಸೆಟ್ಟಿನಲ್ಲಿ, ಅದೂ ಒಂದೇ ಸ್ಪೀಕರಿನ ಟೇಪ್ ರೆಕಾರ್ಡರಿನಲ್ಲಿ. ಡೀಪ್ ಪರ್ಪಲ್‌ನ ಕೀಬೋರ್ಡ್ ವಾದಕ ಜಾನ್ ಲಾರ್ಡ್ ತಮ್ಮ ಹ್ಯಾಮಂಡ್ ಎಂಬ ವಿದ್ಯುತ್ ಆರ್ಗನ್ನನ್ನು ಆ ವಾದ್ಯದೊಂದಿಗೆ ಸಾಮಾನ್ಯವಾಗಿ ಬಳಸುವ ತಿರುಗುವ ಸ್ಪೀಕರಿಗೆ ಬಿಟ್ಟುಕೊಡದೆ, ಗಿಟಾರ್ ವಾದಕರು ಬಳಸುವ ಮಾರ್ಷಲ್ ಆಂಪ್ಲಿಫೈಯರಿಗೆ ಜೋಡಿಸುತ್ತಿದ್ದರು. ಅದರಿಂದ ಆರ್ಗನ್ನಿನ ನಾದ ಒರಟಾಗಿ, ಕೆರಳಿ, ಗಿಟಾರಿನ ನಾದಕ್ಕೆ ಅಂಟಿಕೊಂಡು ಬರುತ್ತದೆ. ಸಣ್ಣ ಸ್ಪೀಕರಿನಲ್ಲಿ ಕೇಳಿದವನಿಗೆ ಎರಡೂ ಸೇರಿ ಒಂದೇ ದಪ್ಪ ಗಿಟಾರಿನಂತೆ ತೋರುತ್ತದೆ, ನನಗೂ ಹಾಗೆಯೇ ತೋರಿತ್ತು. ಮೂಲ ಧ್ವನಿಮುದ್ರಣದಲ್ಲಿ ರಿಫ್ ಮೊದಲು ಗಿಟಾರಿನಲ್ಲಿ ಒಂಟಿಯಾಗಿ ಬರುತ್ತದೆ, ಅನಂತರ ಇಯಾನ್ ಪೇಸ್ ಅವರ ಹೈ-ಹ್ಯಾಟ್ (ಡ್ರಮ್ಸ್‌ನ ಜೋಡಿ ತಾಳ) ಮತ್ತು ಲಾರ್ಡ್ ಅವರ ಆರ್ಗನ್ ಕೂಡಿಕೊಳ್ಳುತ್ತವೆ, ಆಮೇಲೆ ಡ್ರಮ್ಸ್‌ನ ಉಳಿದ ಭಾಗ, ಅದರ ಮೇಲೆ ರೋಜರ್ ಗ್ಲೋವರ್ ಅವರ ಬಾಸ್, ಇಷ್ಟೆಲ್ಲ ಆದ ಬಳಿಕವೇ ಇಯಾನ್ ಗಿಲ್ಲನ್ ಅವರ ದನಿ. ಕೇಳುವವರ ಮೈ ಜುಮ್ಮೆನ್ನುವುದು ರಿಫ್‌ನ ಸ್ವರಗಳಿಂದ ಮಾತ್ರವಲ್ಲ, ಒಬ್ಬೊಬ್ಬರಾಗಿ ಒಳಗೆ ಬರುವ ಈ ಕ್ರಮದಿಂದ. ನಾನು ಆ ಕ್ರಮದ ಎರಡನೆಯ ಮೆಟ್ಟಿಲನ್ನೇ ಕಿತ್ತುಹಾಕಿದ್ದೆ.

ಇದಕ್ಕೆ ಸೇರಿದಂತೆ ಇನ್ನೊಂದು ವಿಷಯವಿದೆ. ಎಲ್ಲ ಕಲಿಕೆಗಾರರಂತೆ ನಾನೂ ರಿಫ್ ಅನ್ನು ಎರಡೆರಡು ಸ್ವರಗಳನ್ನು ಒಟ್ಟಿಗೆ ನುಡಿಸುವ ಪವರ್ ಕಾರ್ಡ್‌ಗಳಲ್ಲಿ, ಪ್ಲೆಕ್ಟ್ರಮ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಹಿಡಿದು ಬಡಿಯುತ್ತಿದ್ದೆ. ಸಂಗೀತ ಬಲ್ಲ ಮನೆಯವರಾದರೆ ನಿಮಗೆ ಹೀಗೆ ಹೇಳಬಹುದು: ಪವರ್ ಕಾರ್ಡ್‌ನಲ್ಲಿ ಷಡ್ಜ ಕೆಳಗೆ, ಪಂಚಮ ಮೇಲೆ. ಮೂಲ ಹಾಡಿನ ಗಿಟಾರ್ ವಾದಕ ರಿಚಿ ಬ್ಲ್ಯಾಕ್‌ಮೋರ್ ಅದನ್ನು ತಲೆಕೆಳಗು ಮಾಡಿ ಪಂಚಮವನ್ನು ಷಡ್ಜದ ಕೆಳಗಿಟ್ಟು, ಎರಡೂ ತಂತಿಗಳನ್ನು ಬೆರಳುಗಳಿಂದ ಒಟ್ಟಿಗೆ ಎಳೆದು ಮೀಟುತ್ತಾರೆ. ಪ್ಲೆಕ್ಟ್ರಮ್‌ನಲ್ಲಿ ಒಂದು ತಂತಿಯ ಮೇಲೆ ಇನ್ನೊಂದು ಕೂದಲೆಳೆಯಷ್ಟು ತಡವಾಗಿ ನುಡಿಯುತ್ತದೆ, ಬೆರಳಿನಲ್ಲಿ ಎರಡೂ ಒಂದೇ ಕ್ಷಣಕ್ಕೆ ಬಾಯಿ ತೆರೆಯುತ್ತವೆ. ಸ್ವರಗಳೋ ಬಹಳ ಸರಳ: ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ನಡುವೆ ಒಮ್ಮೆ ಇಣುಕಿ ಹೋಗುವ ಪ್ರತಿ ಮಧ್ಯಮ. ಈ ನಾಲ್ಕು ಸ್ವರಗಳು ಐವತ್ತು ವರ್ಷ ದಾಟಿ ನಿಲ್ಲಬೇಕಾದರೆ ಅವುಗಳ ನುಡಿಸಾಣಿಕೆಯಲ್ಲಿಯೂ ಸಹವಾದಕರಲ್ಲಿಯೂ ಏನೋ ಇರಲೇಬೇಕಲ್ಲವೇ? ನಿಮ್ಮ ಕೈಗೆ ಕೂತಿರುವುದು ಸ್ವರಗಳು ಮಾತ್ರ. ರಿಫ್ ಬಂತೆಂದು ಈಗಲೇ ಹೇಳಬೇಡಿ.

ಆಲ್ಬಮ್ ಹೀಗೇಕೆ ಕೇಳಿಸುತ್ತದೆ ಎಂಬುದಕ್ಕೆ ಅದು ಹುಟ್ಟಿದ ಪರಿಯೇ ಕಾರಣ. 1971ರ ಡಿಸೆಂಬರಿನಲ್ಲಿ ತಂಡ ಸ್ವಿಟ್ಜರ್ಲೆಂಡಿನ ಮಾಂಟ್ರೊ ಪಟ್ಟಣಕ್ಕೆ ಹೋದದ್ದು, ಜಿನೀವಾ ಸರೋವರದ ದಡದಲ್ಲಿದ್ದ ಕ್ಯಾಸಿನೊ ಕಟ್ಟಡದಲ್ಲಿ, ವೇದಿಕೆಯ ಕಛೇರಿಯ ಕಸುವು ಬರುವಂತೆ ಧ್ವನಿಮುದ್ರಣ ಮಾಡಬೇಕೆಂಬ ಉದ್ದೇಶದಿಂದ. ರೋಲಿಂಗ್ ಸ್ಟೋನ್ಸ್ ತಂಡದ ಸಂಚಾರಿ ಸ್ಟುಡಿಯೊ ಲಾರಿಯನ್ನು ಬಾಡಿಗೆಗೆ ಪಡೆದಿದ್ದರು. ಡಿಸೆಂಬರ್ 4ರಂದು ಅದೇ ಕ್ಯಾಸಿನೊದಲ್ಲಿ ಅಮೆರಿಕದ ರಾಕ್ ಸಂಗೀತಗಾರ ಫ್ರ್ಯಾಂಕ್ ಜಪ್ಪಾ ಅವರ ಕಾರ್ಯಕ್ರಮ ನಡೆಯುತ್ತಿದ್ದಾಗ ಪ್ರೇಕ್ಷಕರಲ್ಲಿ ಯಾರೋ ಒಬ್ಬರು ಚಾವಣಿಯತ್ತ ಫ್ಲೇರ್ ಗನ್ (ಬೆಳಕಿನ ಸಂಕೇತ ಹಾರಿಸುವ ಪಿಸ್ತೂಲು) ಹಾರಿಸಿದರು, ಬೆಂಕಿ ಹತ್ತಿ ಕಟ್ಟಡವೇ ಸುಟ್ಟುಹೋಯಿತು. ಮಾಂಟ್ರೊ ಜಾಝ್ ಉತ್ಸವದ ಸ್ಥಾಪಕ ಕ್ಲೋಡ್ ನೋಬ್ಸ್ ಒಳಗೆ ನುಗ್ಗಿ ಹುಡುಗರನ್ನು ಹೊರಗೆ ತಂದರು. ಸರೋವರದ ಮೇಲೆ ಹರಡಿದ ಹೊಗೆಯನ್ನು ತಂಡದವರು ಕಣ್ಣಾರೆ ಕಂಡರು. ಹಾಡಿನ ಸಾಹಿತ್ಯ ಈ ಘಟನೆಯ ವರದಿಯೇ ಹೊರತು ರೂಪಕವಲ್ಲ.

ನೆಲೆ ಕಳೆದುಕೊಂಡ ತಂಡ ಪೆವಿಲಿಯನ್ ಎಂಬ ರಂಗಮಂದಿರದಲ್ಲಿ ಕೆಲಸ ಆರಂಭಿಸಿತು, ಆದರೆ ರಾತ್ರಿಯ ಸದ್ದಿಗೆ ನೆರೆಹೊರೆಯವರು ದೂರು ಕೊಟ್ಟು ಪೊಲೀಸರು ಬಂದರು. ಅಲ್ಲಿಂದ ಎಬ್ಬಿಸುವ ಮೊದಲು ಉಳಿದುಕೊಂಡ ಮುದ್ರಣವೇ ‘ಸ್ಮೋಕ್ ಆನ್ ದಿ ವಾಟರ್’ ಹಾಡಿನ ವಾದ್ಯಭಾಗ. ಉಳಿದದ್ದೆಲ್ಲ ಚಳಿಗಾಲಕ್ಕೆಂದು ಮುಚ್ಚಿ ಖಾಲಿಯಾಗಿದ್ದ ಗ್ರ್ಯಾಂಡ್ ಹೋಟೆಲಿನ ಕಾರಿಡಾರಿನಲ್ಲಿ, ಸದ್ದು ಹಿಡಿದಿಡಲು ಹಾಸಿಗೆಗಳನ್ನು ಒಡ್ಡಿ, ಹೊರಗೆ ನಿಂತ ಲಾರಿಗೆ ಕೇಬಲ್ ಎಳೆದು ಆದದ್ದು. ಲಾರಿಯವರೆಗೆ ಹೋಗಿ ಮುದ್ರಿಸಿದ್ದನ್ನು ಕೇಳಿ ಬರಬೇಕೆಂದರೆ ಕೋಣೆಗಳನ್ನೂ ಬಾಲ್ಕನಿಗಳನ್ನೂ ಹಾದು ಸುತ್ತಬೇಕಾಗಿತ್ತು, ಆದ್ದರಿಂದ ಅವರು ಮತ್ತೆ ಮತ್ತೆ ಹೋಗಿ ಕೇಳುವುದನ್ನೇ ಬಿಟ್ಟು, ನುಡಿಸುವಾಗ ತಮಗೆ ಸರಿಯೆನಿಸಿದ್ದನ್ನೇ ನಂಬಿದರು. ನನ್ನ ಮಟ್ಟಿಗೆ ಈ ಆಲ್ಬಮಿನ ಜೀವ ಇಲ್ಲಿದೆ. ಐವರು ಒಬ್ಬರನ್ನೊಬ್ಬರು ನೋಡುತ್ತ, ಕೇಳುತ್ತ ನುಡಿಸಿದ ಆತುರವೂ ಎಚ್ಚರವೂ ಪ್ರತಿಯೊಂದು ಹಾಡಿನಲ್ಲಿ ಕೇಳಿಸುತ್ತದೆ. ಅದನ್ನು ಹಿಡಿದಿಟ್ಟ ಎಂಜಿನಿಯರ್ ಮಾರ್ಟಿನ್ ಬರ್ಚ್ ಮುಂದೆ ಐರನ್ ಮೇಡನ್ ಎಂಬ ಹೆವಿ ಮೆಟಲ್ ತಂಡದ ಆಲ್ಬಮ್‌ಗಳ ನಿರ್ಮಾಪಕರಾದರು. 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಕೇಳಲು ಸೇರಿದ್ದವರಲ್ಲಿ ಅನೇಕರು ಬರ್ಚ್ ಅವರ ಕೈಯ ಆಲ್ಬಮ್‌ಗಳನ್ನು ಕೇಳಿಯೇ ಬೆಳೆದವರು.

ನೆನಪಿನ ಮೋಹ ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. 1972ರ ಮಾರ್ಚಿನಲ್ಲಿ ಇದು ಬಿಡುಗಡೆಯಾದಾಗ ನಾನು ಹುಟ್ಟಿಯೇ ಇರಲಿಲ್ಲ. ಇಲ್ಲದ ಕಾಲವನ್ನು ನೆನೆದು ನಾನು ಹೇಗೆ ಮೋಹಗೊಳ್ಳಲಿ? ಹಾಗೆಯೇ ಒಂದು ಪ್ರಸಿದ್ಧ ಹಾಡಿನ ಬೆನ್ನೇರಿ ಆಲ್ಬಮ್ ಬದುಕಿತು ಎಂಬುದೂ ನಿಜವಲ್ಲ. ತಂಡ ಮೊದಲು ಸಿಂಗಲ್ ಆಗಿ, ಅಂದರೆ ಬಿಡಿ ಹಾಡಿನ ತಟ್ಟೆಯಾಗಿ, ಬಿಟ್ಟದ್ದು ‘ನೆವರ್ ಬಿಫೋರ್’ ಹಾಡನ್ನು. ‘ಸ್ಮೋಕ್ ಆನ್ ದಿ ವಾಟರ್’ ಸಿಂಗಲ್ ಆಗಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನಕ್ಕೇರಿದ್ದು 1973ರಲ್ಲಿ, ಅಷ್ಟರಲ್ಲಿ ಆಲ್ಬಮ್ ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಪಡೆದಾಗಿತ್ತು.

ನಾನು ಕೊನೆಗೂ ಇದನ್ನು ಮೊದಲಿನಿಂದ ಕೇಳಿದ್ದು ಗೆಳೆಯನೊಬ್ಬನ ಮನೆಯ ಒಳ್ಳೆಯ ಸ್ಟೀರಿಯೊದಲ್ಲಿ. ‘ಹೈವೇ ಸ್ಟಾರ್’ ಹಾಡಿನಲ್ಲಿ ಲಾರ್ಡ್ ಅವರ ಆರ್ಗನ್ ಸೋಲೊ (ಒಂದೇ ವಾದ್ಯ ಮುಂದೆ ನಿಂತು ನುಡಿಯುವ ಭಾಗ) ಮೊದಲು ಬರುತ್ತದೆ, ಬ್ಲ್ಯಾಕ್‌ಮೋರ್ ಅವರ ಗಿಟಾರ್ ಸೋಲೊ ಆಮೇಲೆ. ಎರಡರಲ್ಲಿಯೂ ಬಾಖ್‌ನ ಸಂಗೀತವನ್ನು ನೆನಪಿಸುವ ಸ್ವರಜೋಡಣೆಯ ನಡೆ ಇದೆ. 1969ರಲ್ಲಿಯೇ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಾಕ್ ತಂಡಕ್ಕೂ ಆರ್ಕೆಸ್ಟ್ರಾಕ್ಕೂ ಒಟ್ಟಿಗೆ ಕೃತಿ ರಚಿಸಿ ನುಡಿಸಿದ್ದ ಲಾರ್ಡ್ ಅವರನ್ನು ನಾನು ‘ಹೆಚ್ಚು ಕೆಲಸವಿಲ್ಲದವರು’ ಎಂದುಕೊಂಡಿದ್ದೆನಲ್ಲ ಎಂಬ ಸಂಕಟ ಆಗಲೇ ಶುರುವಾಯಿತು. ‘ಪಿಕ್ಚರ್ಸ್ ಆಫ್ ಹೋಮ್’ ಹಾಡಿನಲ್ಲಿ ಬಾಸ್ ಗಿಟಾರಿಗೂ ಸೋಲೊ ಉಂಟು. ಎಲ್‌ಪಿ ತಟ್ಟೆಯ ಮೊದಲ ಬದಿಯ ನಾಲ್ಕು ಹಾಡುಗಳು ಮುಗಿಯುವ ಹೊತ್ತಿಗೆ ಕಿವಿ ಆರ್ಗನ್ನನ್ನು ಗಿಟಾರಿನಿಂದ ಬಿಡಿಸಿ ಕೇಳಲು ಕಲಿತಿರುತ್ತದೆ. ಎರಡನೆಯ ಬದಿಯ ಆರಂಭದಲ್ಲಿ ಆ ರಿಫ್ ಬಂದಾಗ, ನಮ್ಮ ಕೀಬೋರ್ಡ್ ಹುಡುಗ ಹೇಳಿದ ಆರ್ಗನ್ ಅವನು ಹೇಳಿದ ಜಾಗದಲ್ಲಿಯೇ ಸ್ಪಷ್ಟವಾಗಿ ಕೇಳಿಸಿತು. ಅದರ ಹಿಂದೆಯೇ ಬರುವ ‘ಲೇಜಿ’ ಆರ್ಗನ್ನಿನಿಂದಲೇ ಆರಂಭವಾಗಿ ಏಳು ನಿಮಿಷ ದಾಟುವ, ಈ ಆಲ್ಬಮಿನ ಅತ್ಯಂತ ದೀರ್ಘವಾದ ಹಾಡು. ಒಂದೇ ಹಾಡು ಕೇಳಿ ನಿಲ್ಲಿಸುವವರಿಗೆ ತಪ್ಪಿಹೋಗುವ ನಿಜವಾದ ಸಂಪತ್ತು ಇದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಆದ್ದರಿಂದ ನನ್ನ ಸಲಹೆ ಇಷ್ಟು. ರಿಫ್ ನುಡಿಸುವುದನ್ನು ಕೆಲವು ದಿನ ನಿಲ್ಲಿಸಿ. ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ, ಸಾಧಾರಣದ್ದಾದರೂ ಸರಿ, ಹೆಡ್‌ಫೋನ್ ಹಾಕಿಕೊಂಡು ಏಳೂ ಹಾಡುಗಳನ್ನು ಇರುವ ಕ್ರಮದಲ್ಲಿ ಕೇಳಿ, ಎರಡನೆಯ ಸಲ ಗಿಟಾರನ್ನು ಬೇಕೆಂದೇ ಬಿಟ್ಟು ಆರ್ಗನ್ನನ್ನು ಮಾತ್ರ ಹಿಂಬಾಲಿಸಿ. ನಿಮಗೆ ಪರಿಚಯದ ಕೀಬೋರ್ಡ್ ವಾದಕರಿದ್ದರೆ ರಿಫ್ ಅನ್ನು ಅವರೊಡನೆಯೇ ಅಭ್ಯಾಸ ಮಾಡಿ. 1997ರ ಇಪ್ಪತ್ತೈದನೆಯ ವರ್ಷದ ಆವೃತ್ತಿ ಸಿಕ್ಕಿದರೆ ಅದರಲ್ಲಿ ‘ವೆನ್ ಎ ಬ್ಲೈಂಡ್ ಮ್ಯಾನ್ ಕ್ರೈಸ್’ ಎಂಬ ಹಾಡೂ ಇರುತ್ತದೆ. ಮಾಂಟ್ರೊದಲ್ಲಿಯೇ ಮುದ್ರಿಸಿ ಆಲ್ಬಮಿನಿಂದ ಹೊರಗಿಟ್ಟ ಅದು ಬಹಳ ಒಳ್ಳೆಯ ಹಾಡು, ಆದರೆ ಅದನ್ನು ಬೇರೆಯಾಗಿ ಕೇಳಿ, ಏಳರ ಸಾಲಿಗೆ ಸೇರಿಸಬೇಡಿ. 1972ರ ಆಗಸ್ಟಿನಲ್ಲಿ ಒಸಾಕಾ ಮತ್ತು ಟೋಕಿಯೊಗಳಲ್ಲಿ ವೇದಿಕೆಯ ಕಛೇರಿಗಳಲ್ಲಿ ಮುದ್ರಿತವಾದ ಇದೇ ತಂಡದ ‘ಮೇಡ್ ಇನ್ ಜಪಾನ್’ ಇದಕ್ಕಿಂತ ಮೇಲು ಎಂದು ಹೇಳುವವರು ನಿಮಗೆ ಸಿಕ್ಕೇ ಸಿಗುತ್ತಾರೆ, ಆದರೂ ಅದನ್ನು ಆಮೇಲೆಯೇ ಕೇಳಿ. ಅಲ್ಲಿ ಆಲ್ಬಮಿನ ಕೊನೆಯ ಹಾಡಾದ ‘ಸ್ಪೇಸ್ ಟ್ರಕಿನ್’ ನಾಲ್ಕೂವರೆ ನಿಮಿಷದಿಂದ ಸುಮಾರು ಇಪ್ಪತ್ತು ನಿಮಿಷಕ್ಕೆ ಬೆಳೆಯುತ್ತದೆ, ಮತ್ತು ಮೂಲ ರೂಪವನ್ನು ಚೆನ್ನಾಗಿ ಕೇಳಿದವರಿಗೆ ಮಾತ್ರ ಹಾಡು ಎಲ್ಲಿ ಮುಗಿದು ಮನೋಧರ್ಮ ಎಲ್ಲಿ ಆರಂಭವಾಯಿತು ಎಂಬುದು ತಿಳಿಯುತ್ತದೆ.