ಚೋರಟೆಗೆ ನಿಜಕ್ಕೂ ಸಾವಿರ ಕಾಲಿದೆಯಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಮನೆ ಶಿರಸಿ ಹತ್ತಿರ. ಮಳೆ ಹಿಡಿಯಿತು ಅಂದರೆ ಬಚ್ಚಲು, ಜಗಲಿ ಎಲ್ಲ ಕಡೆ ಚೋರಟೆ. ವಿಷ, ಮುಟ್ಟಬೇಡ ಅಂತಾರೆ ಆಯಿ. ತೋಟದಲ್ಲಿ ಮುಟ್ಟಿದರೆ ಗೋಲಿಯ ಹಾಗೆ ಉಂಡೆಯಾಗುವ ಹುಳವೂ ಇದೆ. ಅದೂ ಚೋರಟೆನಾ? ಜರಿಯೂ ಇದೇ ಜಾತಿಯಾ?

ಉತ್ತರ: ಅಂಗಳದಲ್ಲಿ ಸತ್ತ ಚೋರಟೆ ಸಿಕ್ಕರೆ ಒಂದು ಭೂತಗನ್ನಡಿ ಹಿಡಿದು ಕಾಲು ಎಣಿಸಿ. ತಲೆಯ ಹಿಂದಿನ ಮೊದಲ ಉಂಗುರಕ್ಕೆ ಕಾಲೇ ಇಲ್ಲ. ಮುಂದಿನ ಮೂರಕ್ಕೆ ಒಂದೊಂದು ಜೋಡಿ. ಆಮೇಲೆ ಉಂಗುರಕ್ಕೆ ಎರಡೆರಡು ಜೋಡಿ. 50 ಉಂಗುರ ಇದ್ದರೂ ಒಟ್ಟು ಕಾಲು 200 ದಾಟುವುದಿಲ್ಲ. ಸಾವಿರ ದಾಟಿದ ಚೋರಟೆ ಗೊತ್ತಾಗಿದ್ದೇ 2021ರಲ್ಲಿ. ಆಸ್ಟ್ರೇಲಿಯಾದಲ್ಲಿ ನೆಲದಡಿ 60 ಮೀಟರ್ ಆಳದ ಕೊಳವೆಯಲ್ಲಿ ಸಿಕ್ಕಿತು. ದಾರದಷ್ಟು ಸಪೂರ, ಕಣ್ಣಿಲ್ಲ, ಕಾಲು ಮಾತ್ರ 1,306!

ಎರಡೆರಡು ಜೋಡಿ ಯಾಕೆ? ಹೊರಗೆ ಒಂದೇ ಉಂಗುರ ಕಂಡರೂ ಅದು ಎರಡು ಉಂಗುರ ಬೆಸೆದು ಆದದ್ದು. ಅದಕ್ಕೇ ಅದರೊಳಗೆ ನರದ ಗಂಟೂ ಎರಡು, ಉಸಿರಾಡುವ ರಂಧ್ರವೂ ಎರಡು ಜೋಡಿ. ಈ ಗುಣ ಇರುವವನ್ನೆಲ್ಲ ಡಿಪ್ಲೊಪೋಡಾ ಎಂಬ ವರ್ಗಕ್ಕೆ ಸೇರಿಸಿದ್ದಾರೆ. ಇದುವರೆಗೆ ಹೆಸರಿಟ್ಟದ್ದು ಸುಮಾರು 12,000 ಜಾತಿ. ಜರಿ ದಾಯಾದಿ ಅಷ್ಟೇ. ಅದಕ್ಕೆ ಉಂಗುರಕ್ಕೆ ಒಂದೇ ಜೋಡಿ ಕಾಲು, ಮೊದಲ ಜೋಡಿಯೇ ವಿಷದ ಕೊಂಡಿ. ಚೋರಟೆಗೆ ಕೊಂಡಿ ಇಲ್ಲ. ಕೊಳೆತ ಎಲೆ ಅರೆಯುವ ದವಡೆ ಮಾತ್ರ.

ಉಂಡೆಯಾಗುವುದೂ ಚೋರಟೆಯೇ, ಬೇರೆ ಗಣದ್ದು. ಆ ಹುಳದ ಹೆಸರು ಆರ್ತ್ರೋಸ್ಫೀರಾ, ನಮ್ಮ ಪಶ್ಚಿಮ ಘಟ್ಟದ್ದು. ಬೆಳೆದ ಹೆಣ್ಣಿಗೆ 21 ಜೋಡಿ ಕಾಲು. ಉಂಡೆಯಾಗುವ ಸಣ್ಣ ಬೂದು ಹುಳ ಇನ್ನೊಂದಿದೆ, 7 ಜೋಡಿ ಕಾಲಿನದ್ದು. ಅದು ಏಡಿಯ ಕಡೆಯ ಸಂಬಂಧಿ, ಚೋರಟೆ ಅಲ್ಲ. ಇನ್ನು ಚಪ್ಪಟೆ ಬೆನ್ನಿನ ಚೋರಟೆ ಕಂಡರೆ ಅದು ಪಾಲಿಡೆಸ್ಮಿಡಾ ಗಣ. ಅವಕ್ಕೆ ಕಣ್ಣೇ ಇರುವುದಿಲ್ಲ. ಫೋಟೊ ಕಳಿಸಿ ಜಾತಿ ಕೇಳುವವರು ಜಾಸ್ತಿ. ಆದರೆ ಬಣ್ಣ ನೋಡಿ ಹೇಳಲಿಕ್ಕೆ ಬರುವುದಿಲ್ಲ. ಉದ್ದನೆಯ ಗಂಡು ಚೋರಟೆಯ ಏಳನೇ ಉಂಗುರದ ಕಾಲು ಕೂಡುವ ಅಂಗವಾಗಿ ಬದಲಾಗಿರುತ್ತದೆ. ಜಾತಿ ಗುರುತು ಸಿಗುವುದು ಅಲ್ಲೇ.

ಆಯಿ ಹೇಳುವುದು ಪೂರ್ತಿ ಸುಳ್ಳಲ್ಲ. ಕಚ್ಚುವುದಿಲ್ಲ, ನಿಜ. ಆದರೆ ಹೆದರಿದರೆ ಚಕ್ಕುಲಿಯ ಹಾಗೆ ಸುತ್ತಿಕೊಂಡು ಪಕ್ಕದ ರಂಧ್ರಗಳಿಂದ ಘಾಟು ರಸ ಬಿಡುತ್ತದೆ. ಕೈಗೆ ಕಂದು ಕಲೆ ಬೀಳುತ್ತದೆ, ಉರಿಯಲೂಬಹುದು. ಸೋಪು ಹಾಕಿ ತೊಳೆಯಿರಿ. ಕಣ್ಣಿಗೆ ತಾಗಿದರೆ ತುಂಬ ನೀರಲ್ಲಿ ತೊಳೆದು ಡಾಕ್ಟರ ಹತ್ತಿರ ಹೋಗಲೇಬೇಕು.

ದಯವಿಟ್ಟು ಉಪ್ಪು, ಸೀಮೆಎಣ್ಣೆ ಸುರಿಯಬೇಡಿ. ಮೈಯ ತೇವ ಬೇಗ ಆರುವ ಪ್ರಾಣಿ ಅದು, ಅದಕ್ಕೇ ಹೊರಗೆ ಕಾಣುವುದು ಮಳೆಗಾಲದಲ್ಲೇ ಹೆಚ್ಚು. ಅಡಿಕೆ ಹಾಳೆಯ ತುಂಡಿನಲ್ಲಿ ಎತ್ತಿ ತೋಟದ ದರಕಿನ (ಉದುರಿದ ಒಣ ಎಲೆಯ) ಮೇಲೆ ಬಿಡಿ. ಅಲ್ಲೇ ದರಕು ಸರಿಸಿ ನೋಡಿ, ಕಪ್ಪು ಕಾಳಿನಂಥ ಹಿಕ್ಕೆ ಸಿಗುತ್ತದೆ. ಅದು ಗೊಬ್ಬರ.