ತಾಪಮಾನದ ಕಾಲಂನಲ್ಲಿ 4 ಅಂತ ಬರೆದೆ

ಕತ್ರಿಗುಪ್ಪೆಯ ಒಬ್ಬ ಹುಡುಗಿ ನನಗೆ ಪತ್ರ ಬರೆದಿದ್ದಾಳೆ. ಎಂಟೆಕ್ ಮುಗಿದಿದೆ. ವೃಷಭಾವತಿ ನದಿಯ ನೀರಿನಲ್ಲಿರುವ ಸೀಸ, ಕ್ರೋಮಿಯಂ ಮೇಲೆ ಥೀಸಿಸ್ ಮಾಡಿದ್ದಾಳೆ. ಅಮೆರಿಕದಲ್ಲಿ ಪರಿಸರ ಎಂಜಿನಿಯರಿಂಗ್ ಪಿಎಚ್‌ಡಿಗೆ ಸೀಟು ಸಿಕ್ಕಿದೆ, ಆಗಸ್ಟ್‌ನಲ್ಲಿ ಹೊರಡಬೇಕು. ಕೊಡುವ ದುಡ್ಡು ಸಾಲುತ್ತದಾ, ಮುಂದೆ ಪ್ರೊಫೆಸರ್ ಆಗಬಹುದಾ, ವಾಪಸ್ ಬರಬಹುದಾ ಅಂತ ಕೇಳಿದ್ದಾಳೆ. ಕೊನೆಗೆ, "ಅಕ್ಕಾ, ಅಲ್ಲಿ ಎಲ್ಲಕ್ಕಿಂತ ಕಷ್ಟ ಆಗಿದ್ದು ಯಾವುದು?" ನಡುವೆ ಇನ್ನೊಂದು ಸಾಲೂ ಇತ್ತು: 12 ಸ್ಯಾಂಪಲ್‌ಗಳಲ್ಲಿ ಏಳನೆಯದು ಉಳಿದವುಗಳ ಜೊತೆ ಹೊಂದಲಿಲ್ಲ, ಹಾಗಾಗಿ ಬಿಟ್ಟೆ ಅಂತ. ಅದಕ್ಕೆ ಆಮೇಲೆ ಬರುತ್ತೇನೆ.

ನೋಡಮ್ಮ, ನಾನು ಕೆಂಗೇರಿಯವಳು. ದಿನಾ ಮೈಸೂರು ರಸ್ತೆಯ ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಿದ್ದೆ. ನದಿ ಪಕ್ಕಕ್ಕೆ ಬಂತು ಅಂತ ಗೊತ್ತಾಗುತ್ತಿದ್ದದ್ದೇ ವಾಸನೆಯಿಂದ, ಇಡೀ ಬಸ್ಸು ಮೂಗಿಗೆ ಕರ್ಚೀಫ್ ಹಿಡಿಯುತ್ತಿತ್ತು. ಬಸವನಗುಡಿಯಲ್ಲಿ ದೊಡ್ಡ ಬಸವಣ್ಣನ ಪಾದದ ಹತ್ತಿರ ಹುಟ್ಟುವ ಹೊಳೆ ಅದು ಅಂತ ನಮ್ಮಜ್ಜಿ ಹೇಳಿದರೆ ನಾವು ನಗುತ್ತಿದ್ದೆವು. 2004ರ ಆಗಸ್ಟ್‌ನಲ್ಲಿ ಪಿಎಚ್‌ಡಿಗೆ ಅಂತ ಇಲ್ಲಿಗೆ, ಅಮೆರಿಕಕ್ಕೆ ಬಂದೆ. ಮೂರನೇ ವಾರ ಊರಾಚೆಯ ಕೊಳಚೆ ನೀರು ಶುದ್ಧೀಕರಣ ಘಟಕಕ್ಕೆ ಕರೆದುಕೊಂಡು ಹೋದರು. ವ್ಯಾನಿನ ಬಾಗಿಲು ತೆರೆದರೆ ಅದೇ ವಾಸನೆ! ಕಣ್ಣು ತುಂಬಿ ಬಂತು. ಜೊತೆಗಿದ್ದವರು ಪಾಪ, ನನಗೆ ವಾಸನೆ ತಡೆಯಲಾಗಲಿಲ್ಲ ಅಂದುಕೊಂಡರು. ಮೋರಿ ವಾಸನೆಗೆ ಮನೆ ನೆನಪಾಯಿತು ಅಂತ ಯಾರಿಗೆ ಹೇಳೋಣ!

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಪಾಠಕ್ಕೋ ಸಂಶೋಧನೆಗೋ ನೆರವಾಗುವ ಕೆಲಸ, ಅಂದರೆ ಅಸಿಸ್ಟೆಂಟ್‌ಶಿಪ್ ಇದ್ದರೆ ಟ್ಯೂಷನ್ ಫೀ ಸಾಮಾನ್ಯವಾಗಿ ಮಾಫಿ ಆಗುತ್ತದೆ. ಕೈಗೆ ಬರುವುದು ಒಬ್ಬರ ಊಟ, ಬಾಡಿಗೆಗೆ ಸಾಕು. ಮನೆಗೆ ಕಳಿಸುತ್ತೇನೆ ಅಂತ ಮಾತ್ರ ಈಗಲೇ ಅಪ್ಪನಿಗೆ ಹೇಳಬೇಡ. ಅವರು ಸೀಟು ಕೊಟ್ಟ ಪತ್ರದಲ್ಲಿ ಒಂದನ್ನು ಹುಡುಕು: ಸ್ಟೈಪೆಂಡ್ 9 ತಿಂಗಳಿಗೋ 12 ತಿಂಗಳಿಗೋ? ಬರೆದಿಲ್ಲದಿದ್ದರೆ ಇಮೇಲ್ ಮಾಡಿ ಕೇಳು. ಬೇಸಿಗೆಯ ಮೂರು ತಿಂಗಳು ನಾನು ಅವಲಕ್ಕಿಯಲ್ಲಿ ಕಳೆದದ್ದುಂಟು. ಎಷ್ಟು ವರ್ಷದ ಅನುದಾನ ಇದೆ, ಯಾರು ಕೊಡುತ್ತಾರೆ ಅಂತಲೂ ಕೇಳು. 2025ರಲ್ಲಿ ಇಲ್ಲಿ ಕೇಂದ್ರ ಸರ್ಕಾರದ ಎಷ್ಟೋ ಅನುದಾನಗಳು ಅರ್ಧಕ್ಕೇ ನಿಂತವು. ಕೇಳಿದರೆ ಸರ್ ಏನಂದುಕೊಳ್ಳುತ್ತಾರೋ ಅನ್ನುವ ನಮ್ಮ ಸಂಕೋಚ ಇಲ್ಲಿ ಯಾರಿಗೂ ಅರ್ಥವಾಗುವುದಿಲ್ಲ.

ಪ್ರೊಫೆಸರ್ ಆಗಬಹುದು. ಆದರೆ ದಾರಿ ಉದ್ದ. ಪಿಎಚ್‌ಡಿ ಆದ ಮೇಲೆ ಒಂದೋ ಎರಡೋ ವರ್ಷ ತಾತ್ಕಾಲಿಕ ಸಂಶೋಧನೆ, ಅಂದರೆ ಪೋಸ್ಟ್‌ಡಾಕ್. ಕೆಲಸ ಸಿಕ್ಕರೆ ಸುಮಾರು ಆರು ವರ್ಷಕ್ಕೆ ಕೆಲಸ ಕಾಯಂ ಮಾಡುವ ಟೆನ್ಯೂರ್ ಪರೀಕ್ಷೆ. ಆ ಅವಧಿಯಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಎನ್‌ಎಸ್‌ಎಫ್‌ನ ಕರಿಯರ್ ಅನುದಾನಕ್ಕೆ ಎಲ್ಲರೂ ಬಡಿದಾಡುತ್ತಾರೆ. ಐದು ವರ್ಷದ ಹಣ, ಮೂರು ಸಲ ಮಾತ್ರ ಅರ್ಜಿ ಹಾಕಬಹುದು. ನನಗೆ ಮೂರನೇ ಸಲಕ್ಕೆ ಬಂತು. ಅವತ್ತು ಮನೆಯಲ್ಲಿ ಹೋಳಿಗೆ ಮಾಡಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ವೀಸಾ ವಿಚಾರಕ್ಕೆ, ವಿಶ್ವವಿದ್ಯಾಲಯಗಳಿಗೆ ಎಚ್-1ಬಿ ಕೆಲಸದ ವೀಸಾದ ಲಾಟರಿ ಇಲ್ಲ, ಅಷ್ಟರಮಟ್ಟಿಗೆ ನಿರಾಳ. ಆದರೆ ನನ್ನ ವಿದ್ಯಾರ್ಥಿಗಳಲ್ಲಿ ಪ್ರೊಫೆಸರ್ ಆದವರಿಗಿಂತ ಕನ್ಸಲ್ಟಿಂಗ್ ಕಂಪನಿಗೋ, ಊರಿನ ನೀರು ಸರಬರಾಜು ಸಂಸ್ಥೆಗೋ ಸೇರಿದವರೇ ಜಾಸ್ತಿ. ಅವರು ನನಗಿಂತ ಚೆನ್ನಾಗಿ ನಿದ್ದೆ ಮಾಡುತ್ತಾರೆ.

ಈಗ ಕಷ್ಟದ ಪ್ರಶ್ನೆ. ಚಳಿ, ಊಟ, ಒಂಟಿತನ ಅಂತ ನಿರೀಕ್ಷಿಸಿದ್ದೀಯೇನೋ. ಅವೆಲ್ಲ ಅಭ್ಯಾಸವಾಗುತ್ತವೆ.

ನಮ್ಮಲ್ಲಿ ಲ್ಯಾಬ್ ರೆಕಾರ್ಡ್ ಹೇಗೆ ಬರೆಯುತ್ತೇವೆ ಅಂತ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಸೀನಿಯರ್ ರೆಕಾರ್ಡ್ ಪಕ್ಕದಲ್ಲಿ ಇರುತ್ತದೆ. ಉತ್ತರ ಗೊತ್ತಿರುತ್ತದೆ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಬ್ಯುರೆಟ್ ರೀಡಿಂಗ್ ಬರೆಯುವುದು. ಮೊನ್ನೆ ಕೆಂಗೇರಿಗೆ ಬಂದಾಗ ಅಟ್ಟದಲ್ಲಿ ನನ್ನ ಹಳೇ ರೆಕಾರ್ಡ್ ಸಿಕ್ಕಿತು. ನೀರಿನ ಗಡಸುತನದ ಪ್ರಯೋಗ. ಇಡಿಟಿಎ ಅನ್ನುವ ದ್ರಾವಣ 11.8 ಮಿಲಿಲೀಟರ್, 11.8, 11.8. ಮೂರಕ್ಕೆ ಮೂರೂ ಒಂದೇ. ಕೆಳಗೆ ಕೆಂಪು ಇಂಕಿನಲ್ಲಿ 'ಗುಡ್', ಸಹಿ. ಇಪ್ಪತ್ತು ವರ್ಷದಿಂದ ನಾನು ಹೀಗೆ ಹನಿ ಹನಿ ಬಿಟ್ಟು ಅಳೆಯುವ ಟೈಟ್ರೇಷನ್ ಕಲಿಸುತ್ತಿದ್ದೇನೆ, ಹಾಗೆ ಒಂದು ದಿನವೂ ಬಂದಿಲ್ಲ. ಆಗ ಅದು ಮೋಸ ಅಂತ ಅನ್ನಿಸಲೇ ಇಲ್ಲ. ರೆಕಾರ್ಡ್ ಅಂದರೆ ಹಾಗೇ ಅಂತಿತ್ತು.

ಆ ಕೈಯನ್ನೇ ಇಲ್ಲಿಗೆ ತಂದಿದ್ದೆ. ಆ ಶುದ್ಧೀಕರಣ ಘಟಕದ ಮೂಲೆಯಲ್ಲಿ ನನ್ನದೊಂದು ಪುಟ್ಟ ರಿಯಾಕ್ಟರ್, ಅಂದರೆ ನೀರು ಶುದ್ಧ ಮಾಡುವ ತೊಟ್ಟಿ, ಇತ್ತು. ನೀರಿನ ಅಮೋನಿಯ ಅದರಲ್ಲಿ ಎಷ್ಟು ಕಡಿಮೆಯಾಗುತ್ತದೆ ಅಂತ ಅಳೆಯುವುದು ನನ್ನ ಕೆಲಸ. ಗಂಟೆಗೊಮ್ಮೆ ತಾನಾಗಿ ನೀರು ಎಳೆದುಕೊಳ್ಳುವ ಸ್ಯಾಂಪ್ಲರ್, ಅದಕ್ಕೊಂದು ಫ್ರಿಜ್. ಒಳಗೆ 6 ಡಿಗ್ರಿ ದಾಟಬಾರದು, 4ರ ಹತ್ತಿರ ಇರಬೇಕು. ಎರಡನೇ ವರ್ಷ, ಜುಲೈ 4ರ ರಜೆ. ರಜೆ ಮುಗಿಸಿ ಹೋಗಿ ನೋಡಿದರೆ ಫ್ರಿಜ್ ಕೆಟ್ಟಿದೆ. ಥರ್ಮಾಮೀಟರ್ 23 ತೋರಿಸುತ್ತಿದೆ. ಪ್ರಯೋಗ ಮತ್ತೆ ಶುರು ಮಾಡಬೇಕು, ಅದಕ್ಕೂ ಮೊದಲು ಗೈಡ್‌ಗೆ ಹೇಳಬೇಕು. ನಾನು ಫ್ಯೂಸ್ ಬದಲಾಯಿಸಿದೆ. ಬಾಟಲಿಗಳನ್ನು ಲ್ಯಾಬಿಗೆ ಒಯ್ದೆ. ತಾಪಮಾನದ ಕಾಲಂನಲ್ಲಿ 4 ಅಂತ ಬರೆದೆ. ಯೋಚನೆಯನ್ನೇ ಮಾಡಲಿಲ್ಲ, ಕೈ ಬರೆಯಿತು.

ಫಲಿತಾಂಶ ಚೆನ್ನಾಗಿಯೇ ಬಂತು, ತಪ್ಪಾಗಿದ್ದು ಅದೇ. ನೀರಿನ ಜೊತೆ ಬಾಟಲಿಗೆ ಇಳಿದಿದ್ದ ಕೆಸರಿನ ಬ್ಯಾಕ್ಟೀರಿಯಾಗಳು ಬೆಚ್ಚಗೆ ಕೂತು ಅಮೋನಿಯವನ್ನು ತಿಂದಿದ್ದವು. ಅಂಕಿಗಳಲ್ಲಿ ಕಾಣುತ್ತಿದ್ದದ್ದು ಬಾಟಲಿಯ ಕೆಲಸ. ಹೆಸರು ರಿಯಾಕ್ಟರ್‌ಗೆ ಬಂತು.

ನನಗಿಂತ ಒಂದು ವರ್ಷ ಚಿಕ್ಕವಳೊಬ್ಬಳು ಅದೇ ಲ್ಯಾಬಿನಲ್ಲಿದ್ದಳು. ನನ್ನ ಅಂಕಿಗಳನ್ನು ಇಟ್ಟುಕೊಂಡು ಕಂಪ್ಯೂಟರ್ ಮಾಡೆಲ್ ಕಟ್ಟುತ್ತಿದ್ದಳು. ಎಂಟು ತಿಂಗಳ ನಂತರ ಅವಳ ಮಾಡೆಲ್ ಕೂಡಿಬರಲಿಲ್ಲ. ಉಳಿದ ವಾರಗಳಿಗೆ ಸರಿ ಮಾಡಿದರೆ ಜುಲೈ ಕೆಡುತ್ತದೆ, ಜುಲೈಗೆ ಸರಿ ಮಾಡಿದರೆ ಉಳಿದದ್ದೆಲ್ಲ ಕೆಡುತ್ತದೆ. ತಪ್ಪು ತನ್ನದೇ ಅಂತ ರಾತ್ರಿ ಹನ್ನೊಂದರವರೆಗೆ ಕೂತು ಹುಡುಕುತ್ತಿದ್ದಳು. ನಾನು ಮೂರು ವಾರ ಅವಳ ಪಕ್ಕದ ಮೇಜಿನಲ್ಲೇ ಕೂತು ಅದನ್ನು ನೋಡಿದೆ. ಕಾಫಿ ಮಾಡಿಕೊಟ್ಟೆ. ನಾಲ್ಕನೇ ವಾರ ಗೈಡ್ ಹತ್ತಿರ ಹೋಗಿ ಹೇಳಿದೆ.

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು, ನಮಗೆ ಅದರ ಅಭ್ಯಾಸ ಇದೆ. ನನ್ನ ನೋಟ್‌ಬುಕ್ ತೆರೆದು ಬೆರಳಿಟ್ಟು ಕೇಳಿದರು: ಇಲ್ಲಿ ಉಳಿದ ದಿನಗಳಿಗೂ 4 ಅಂತ ಇದೆ, ಇವುಗಳಲ್ಲಿ ಯಾವುವು ನಿಜವಾದ 4? ಬಹುಪಾಲು ನಿಜವೇ ಆಗಿದ್ದವು. ಆದರೆ ಹೇಗೆ ತೋರಿಸಲಿ? ಒಂದು ವರ್ಷದ ಡೇಟಾ ಪೂರ್ತಿ ಹೋಯಿತು. ನನ್ನ ಒಂದು ವರ್ಷ ಹೋದದ್ದು ನ್ಯಾಯ. ಅವಳದ್ದೂ ಒಂದು ಅಧ್ಯಾಯ ಹೋಯಿತು. ಅವಳು ಏನೂ ಅನ್ನಲಿಲ್ಲ, ಆಮೇಲೆ ನನ್ನ ಕೈಯಿಂದ ಕಾಫಿಯನ್ನೂ ತೆಗೆದುಕೊಳ್ಳಲಿಲ್ಲ. ಈಗ ಒಂದು ರಾಜ್ಯದ ನೀರಿನ ಇಲಾಖೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದಾಳೆ. ಸಮ್ಮೇಳನಗಳಲ್ಲಿ ಸಿಗುತ್ತಾಳೆ, ಮಕ್ಕಳ ಬಗ್ಗೆ ಮಾತಾಡುತ್ತೇವೆ. ಕ್ಷಮೆ ಕೇಳುವುದು ಇನ್ನೂ ಬಾಕಿ ಇದೆ.

ವಾಪಸ್ ಬರುವ ಮಾತಿಗೆ ಉದ್ದ ಉತ್ತರ ಕೊಡುವ ಯೋಗ್ಯತೆ ನನಗಿಲ್ಲ. ನಮ್ಮ ದೊಡ್ಡ ಸಂಸ್ಥೆಗಳ ಅಸಿಸ್ಟೆಂಟ್ ಪ್ರೊಫೆಸರ್ ಜಾಹೀರಾತುಗಳಲ್ಲಿ ವಯಸ್ಸು 35ರ ಒಳಗಿದ್ದರೆ ಒಳ್ಳೆಯದು ಅಂತ ಬರೆದಿರುತ್ತಾರೆ. ಕೆಲವು ಕಡೆ ಹೆಂಗಸರಿಗೆ 38. ನಾನು ಟೆನ್ಯೂರ್ ಆಗಲಿ, ಆಮೇಲೆ ನೋಡೋಣ ಅಂತ ಕೂತೆ. ಟೆನ್ಯೂರ್ ಬರುವ ಹೊತ್ತಿಗೆ ಎರಡೂ ದಾಟಿದ್ದವು. ನೀನು ಕ್ಯಾಲೆಂಡರ್ ಮೇಲೆ ಒಂದು ಕಣ್ಣು ಇಟ್ಟಿರು, ಅಷ್ಟೇ.

ಕುಕ್ಕರ್ ತಾ, ಗ್ಯಾಸ್ಕೆಟ್ ಎರಡು ಜಾಸ್ತಿ ಇರಲಿ. ಸಾರಿನ ಪುಡಿ ಇಲ್ಲೇ ಸಿಗುತ್ತದೆ. ಬಿಒಡಿ ಪರೀಕ್ಷೆ, ಅಂದರೆ ನೀರಿನ ಕೊಳೆ ಅರಗಿಸಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಅಂತ ಅಳೆಯುವುದು, ನೀನು 27 ಡಿಗ್ರಿಯಲ್ಲಿ ಮೂರು ದಿನ ಇಟ್ಟು ಮಾಡಿರುತ್ತೀಯ. ಇಲ್ಲಿ 20 ಡಿಗ್ರಿ, ಐದು ದಿನ. ಎರಡನ್ನೂ ಸುಮ್ನೆ ಅಕ್ಕಪಕ್ಕ ಇಟ್ಟು ಹೋಲಿಸಬೇಡ.

ಇನ್ನು ನಿನ್ನ ಏಳನೇ ಸ್ಯಾಂಪಲ್. ಅದನ್ನು ಎಲ್ಲಿ ತೆಗೆದೆ, ಗಾಳಿ ಆಂಜನೇಯ ದೇವಸ್ಥಾನದ ಹತ್ತಿರವೋ, ಇನ್ನೂ ಕೆಳಗೆ ಬೈರಮಂಗಲ ಕೆರೆಯ ಕಡೆಗೋ? ಯಾವ ದಿನ, ಎಷ್ಟು ಗಂಟೆಗೆ? ಹಿಂದಿನ ರಾತ್ರಿ ಮಳೆ ಬಂದಿತ್ತಾ? ಮೇಲಿನ ಯಾವುದಾದರೂ ಕಾರ್ಖಾನೆ ರಾತ್ರಿ ಹೊತ್ತು ನೀರು ಬಿಡುತ್ತದಾ? ಬಾಟಲಿ ಇನ್ನೂ ಇದ್ದರೆ ಎಸೆಯಬೇಡ. ನೋಟ್‌ಬುಕ್‌ನ ಆ ಪುಟದ ಫೋಟೋ ತೆಗೆದು ಕಳಿಸು, ಇದ್ದ ಹಾಗೇ.